ಕುಮಾರಸ್ವಾಮಿ ಲೇಔಟ್ ಎಲ್ಲಿದೆ? ವಿಶ್ವಕೋಶಕ್ಕೂ ನಕ್ಷೆಗೂ ನಂಟು ಬೆಸೆಯುವ ಬಗೆ

ದಕ್ಷಿಣ ಬೆಂಗಳೂರಿನಲ್ಲಿ ಹೊಸಬರೊಬ್ಬರು 'ಕುಮಾರಸ್ವಾಮಿ ಎಲ್ಲಿ?' ಎಂದು ವಿಚಾರಿಸಿದರೆ ಎಲ್ಲರಿಂದಲೂ ಒಂದೇ ಉತ್ತರ ದೊರೆಯುವುದಿಲ್ಲ. ಹನುಮಂತನಗರದವರು ಗುಡ್ಡದ ಮೇಲಿನ ಕುಮಾರಸ್ವಾಮಿ ದೇವಸ್ಥಾನದತ್ತ ಕೈ ತೋರಿಸುತ್ತಾರೆ. ಬನಶಂಕರಿ ಬಸ್ ನಿಲ್ದಾಣದಲ್ಲಿ ನಿಂತವರು ಕುಮಾರಸ್ವಾಮಿ ಲೇಔಟ್‌ಗೆ ಹೋಗುವ ಬಸ್ಸನ್ನು ತೋರಿಸುತ್ತಾರೆ. ಬಳ್ಳಾರಿ ಜಿಲ್ಲೆಯಿಂದ ಬಂದವರ ಮನಸ್ಸಿಗೆ ಸಂಡೂರಿನ ಬೆಟ್ಟದ ಕುಮಾರಸ್ವಾಮಿ ಬರುತ್ತಾನೆ. ರಾಜಕೀಯಾಸಕ್ತರಿಗೆ ಮಾಜಿ ಮುಖ್ಯಮಂತ್ರಿಯೊಬ್ಬರ ನೆನಪಾಗುತ್ತದೆ.

ಮಾತಿನ ಸಂದರ್ಭವನ್ನು ಗಮನಿಸಿ ಇವುಗಳಲ್ಲಿ ಯಾವುದು ಎಂಬುದನ್ನು ಮನುಷ್ಯರು ಕ್ಷಣಾರ್ಧದಲ್ಲಿ ಗ್ರಹಿಸಿಕೊಳ್ಳುತ್ತಾರೆ. ಗಣಕಕ್ಕೆ ಆ ಅನುಕೂಲವಿಲ್ಲ. ಅದರ ಪಾಲಿಗೆ 'ಕುಮಾರಸ್ವಾಮಿ' ಎಂಬುದು ಅಕ್ಷರಗಳ ಒಂದು ಸಾಲು ಮಾತ್ರ. ಆ ಸಾಲನ್ನು ಭೂಮಿಯ ಮೇಲಿನ ಒಂದು ನಿರ್ದಿಷ್ಟ ಜಾಗಕ್ಕೆ, ಅಲ್ಲಿಂದ ಆ ಜಾಗದ ಬಗ್ಗೆ ಬರೆದ ಲೇಖನಕ್ಕೆ ಗಂಟು ಹಾಕಿದಾಗಲಷ್ಟೇ ಅದಕ್ಕೆ ಅರ್ಥ ಬರುತ್ತದೆ. ಅಂತರ್ಜಾಲದ ವಿಶ್ವಕೋಶಗಳನ್ನೂ ಡಿಜಿಟಲ್ ನಕ್ಷೆಗಳನ್ನೂ ಪರಸ್ಪರ ಜೋಡಿಸುವ ಕೆಲಸ ಎರಡು ದಶಕಗಳಿಂದ ನಡೆಯುತ್ತಿರುವುದು ಈ ಕಾರಣಕ್ಕಾಗಿಯೇ. ಬಹುಪಾಲು ಸ್ವಯಂಸೇವಕರೇ ನಡೆಸುತ್ತಿರುವ ಈ ಕೆಲಸದಲ್ಲಿ ಕನ್ನಡದ ಸ್ಥಳನಾಮಗಳ ಭವಿಷ್ಯವೂ ಅಡಗಿದೆ.

ಹೆಸರಿಗೊಂದು ಅಂಕಿ

ಜೋಡಣೆಯ ಮೊದಲ ಮೆಟ್ಟಿಲು ಅಕ್ಷಾಂಶ ಮತ್ತು ರೇಖಾಂಶ. ಕುಮಾರಸ್ವಾಮಿ ಲೇಔಟ್ ಸುಮಾರು 12.91 ಡಿಗ್ರಿ ಉತ್ತರ ಅಕ್ಷಾಂಶ, 77.56 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಈ ಎರಡು ಅಂಕಿಗಳಿದ್ದರೆ ಜಗತ್ತಿನ ಯಾವುದೇ ನಕ್ಷೆಯಲ್ಲಿ, ಯಾವುದೇ ಭಾಷೆಯಲ್ಲಿ ಆ ಸ್ಥಳವನ್ನು ಗುರುತಿಸಬಹುದು.

ಆದರೆ ಅಂಕಿ ಎಷ್ಟು ಸೂಕ್ಷ್ಮವಾಗಿರಬೇಕು ಎಂಬ ಪ್ರಶ್ನೆ ಏಳುತ್ತದೆ. ಅಕ್ಷಾಂಶದ ಒಂದು ಡಿಗ್ರಿ ನೆಲದ ಮೇಲೆ ಸುಮಾರು 111 ಕಿ.ಮೀ.ಗೆ ಸಮ. ದಶಮಾಂಶ ಬಿಂದುವಿನ ನಂತರ ಎರಡು ಅಂಕಿಗಳಿದ್ದರೆ ಸುಮಾರು 1.1 ಕಿ.ಮೀ.ವರೆಗಿನ, ನಾಲ್ಕು ಅಂಕಿಗಳಿದ್ದರೆ ಸುಮಾರು 11 ಮೀಟರ್‌ವರೆಗಿನ ನಿಖರತೆ ದೊರೆಯುತ್ತದೆ. ಒಂದು ಬಡಾವಣೆಯನ್ನು ಸೂಚಿಸಲು ಎರಡು ಅಥವಾ ಮೂರು ಅಂಕಿಗಳು ಸಾಕು. ದೇವಸ್ಥಾನ, ಶಾಲೆ, ಬಸ್ ನಿಲ್ದಾಣಗಳಿಗೆ ನಾಲ್ಕು ಬೇಕು. ಇಡೀ ಬಡಾವಣೆಗೆ ಆರು ಅಂಕಿಗಳ ನಿರ್ದೇಶಾಂಕ ಕೊಟ್ಟರೆ ಅದು ಯಾರದೋ ಮನೆಯ ಅಂಗಳವನ್ನು ತೋರಿಸುತ್ತದೆಯೇ ಹೊರತು ಬಡಾವಣೆಯನ್ನಲ್ಲ.

ತಪ್ಪುಗಳು ನುಸುಳುವುದೂ ಇಲ್ಲಿಯೇ. 12 ಡಿಗ್ರಿ 54 ನಿಮಿಷ ಎಂದಿರುವುದನ್ನು ಅವಸರದಲ್ಲಿ 12.54 ಎಂದು ಬರೆಯುವವರಿದ್ದಾರೆ. ಒಂದು ಡಿಗ್ರಿಗೆ 60 ನಿಮಿಷಗಳಾದ್ದರಿಂದ ಸರಿಯಾದ ಅಂಕಿ 12.90. ಈ ಸಣ್ಣ ಎಡವಟ್ಟಿನಿಂದ ಕನಕಪುರ ರಸ್ತೆಯ ಪಕ್ಕದ ಬಡಾವಣೆ ಸುಮಾರು 40 ಕಿ.ಮೀ. ದಕ್ಷಿಣಕ್ಕೆ ಸರಿದು ಕನಕಪುರದ ಸೀಮೆಗೇ ಹೋಗಿಬಿಡುತ್ತದೆ. ಅಕ್ಷಾಂಶ, ರೇಖಾಂಶಗಳನ್ನು ಅದಲು ಬದಲು ಮಾಡಿದರಂತೂ ಮುಗಿಯಿತು. ಕುಮಾರಸ್ವಾಮಿ ಲೇಔಟ್ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಪಶ್ಚಿಮಕ್ಕೆ, ಉತ್ತರ ಧ್ರುವದ ಹಾದಿಯ ಹಿಮಗಡಲಿನಲ್ಲಿ ತೇಲುತ್ತದೆ.

ಎರಡು ದಶಕಗಳ ಹಾದಿ

ವಿಕಿಪೀಡಿಯ ಆರಂಭವಾದದ್ದು 2001ರ ಜನವರಿಯಲ್ಲಿ. ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಕಣ್ಣು ಬಿಟ್ಟಿತು. ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶದಂತೆಯೇ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯೂ ಬೇಕು ಎಂಬ ಆಲೋಚನೆಯಿಂದ 2004ರಲ್ಲಿ ಬ್ರಿಟನ್‌ನ ಸ್ಟೀವ್ ಕೋಸ್ಟ್ ಓಪನ್‌ಸ್ಟ್ರೀಟ್‌ಮ್ಯಾಪ್ ಯೋಜನೆಗೆ ಚಾಲನೆ ನೀಡಿದರು. 2005ರಲ್ಲಿ ಗೂಗಲ್ ಮ್ಯಾಪ್ಸ್ ಹಾಗೂ ಗೂಗಲ್ ಅರ್ಥ್ ಬಂದವು. 2006ರ ಮೇ ತಿಂಗಳಲ್ಲಿ ಉಪಗ್ರಹ ಚಿತ್ರದ ಮೇಲೆ ಚೌಕ ಎಳೆದು ಹೆಸರು, ವಿವರಣೆ ಬರೆಯಲು ಅವಕಾಶ ಕೊಟ್ಟ ವಿಕಿಮ್ಯಾಪಿಯ ಕಾಣಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗೂಗಲ್ ಅರ್ಥ್ ತನ್ನ ಭೂಗೋಳದ ಮೇಲೆ ವಿಕಿಪೀಡಿಯ ಲೇಖನಗಳ ಗುರುತುಗಳನ್ನು ಹಾಸಿತು. ಅದುವರೆಗೆ ಲೇಖನ ಓದಿ ನಕ್ಷೆ ಹುಡುಕುತ್ತಿದ್ದ ಓದುಗರು ನಕ್ಷೆ ನೋಡುತ್ತಲೇ ಲೇಖನ ತೆರೆಯುವಂತಾಯಿತು.

2008ರಲ್ಲಿ ಬಂದ ಗೂಗಲ್ ಮ್ಯಾಪ್ ಮೇಕರ್ ಭಾರತದಲ್ಲಿಯೂ ಸಾಕಷ್ಟು ಉತ್ಸಾಹ ಹುಟ್ಟಿಸಿತ್ತು. ಜನರು ತಮ್ಮ ಓಣಿ, ಅಡ್ಡರಸ್ತೆ, ಅಂಗಡಿಗಳನ್ನು ಅದರಲ್ಲಿ ಗುರುತಿಸಿದರು. 2017ರ ಮಾರ್ಚ್‌ನಲ್ಲಿ ಆ ಸೇವೆ ಮುಚ್ಚಿತು. ಮಾಹಿತಿ ಕಂಪನಿಯ ಮುಖ್ಯ ನಕ್ಷೆಯಲ್ಲಿ ಸೇರಿದ್ದರೂ ಅದರ ಮೇಲಿನ ಹಿಡಿತ ಕಂಪನಿಯ ಕೈಯಲ್ಲೇ ಉಳಿಯಿತು. ಊರಿನವರು ತಾವೇ ದುಡಿದು ಕೊಟ್ಟ ಮಾಹಿತಿಯನ್ನು ಮುಂದೆ ತಾವೇ ಬಳಸಲು ಸಾಧ್ಯವೇ ಎಂಬ ಪ್ರಶ್ನೆ ಆಗ ಅನೇಕರನ್ನು ಕಾಡಿತು. ಮುಕ್ತ ಪರವಾನಗಿಯ ನಕ್ಷೆ ಮತ್ತು ಮುಕ್ತ ವಿಶ್ವಕೋಶಗಳನ್ನು ಜೋಡಿಸುವುದಕ್ಕೆ ಮಹತ್ವ ಬಂದಿರುವುದು ಈ ಹಿನ್ನೆಲೆಯಲ್ಲಿ.

ಹೆಸರಲ್ಲ, ಸಂಖ್ಯೆ

ನಿರ್ದೇಶಾಂಕವೊಂದರಿಂದಲೇ ಸಮಸ್ಯೆ ಬಗೆಹರಿಯುವುದಿಲ್ಲ. ಒಂದೇ ಗುಡ್ಡದ ಮೇಲೆ ದೇವಸ್ಥಾನ, ಕಾಲೇಜು, ನೀರಿನ ಟ್ಯಾಂಕು ಎಲ್ಲವೂ ಇರಬಹುದು. ಕುಮಾರಸ್ವಾಮಿ ಲೇಔಟ್‌ನ ಶಾವಿಗೆ ಮಲ್ಲೇಶ್ವರ ಬೆಟ್ಟವನ್ನೇ ತೆಗೆದುಕೊಳ್ಳಬಹುದು. ದಯಾನಂದ ಸಾಗರ್ ಎಂಜಿನಿಯರಿಂಗ್ ಕಾಲೇಜಿನ ವಿಳಾಸದಲ್ಲಿ ಈ ಬೆಟ್ಟದ ಹೆಸರೇ ಇದೆ. ಅಲ್ಲಿ ಒಂದು ಬಿಂದುವನ್ನು ಗುರುತಿಸಿದರೆ ಅದು ಬೆಟ್ಟವನ್ನು ಸೂಚಿಸುತ್ತದೆಯೋ, ದೇವಸ್ಥಾನವನ್ನೋ, ಕಾಲೇಜನ್ನೋ ಎಂಬುದು ಬಿಂದುವಿನಿಂದ ತಿಳಿಯದು.

ಇದಕ್ಕೆ ಪರಿಹಾರವಾಗಿ ಬಂದದ್ದು 2012ರ ಅಕ್ಟೋಬರ್‌ನಲ್ಲಿ ಆರಂಭವಾದ ವಿಕಿಡೇಟಾ. ಇದು ಲೇಖನಗಳ ಸಂಗ್ರಹವಲ್ಲ, ಸಂಗತಿಗಳ ಕಣಜ. ಇಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಕ್ಯೂ ಸಂಖ್ಯೆ ಇರುತ್ತದೆ. ಬೆಂಗಳೂರಿನ ಸಂಖ್ಯೆ ಕ್ಯೂ1355, ಕರ್ನಾಟಕದ್ದು ಕ್ಯೂ1185. ಆ ಸಂಖ್ಯೆಯಡಿ ಎಲ್ಲ ಭಾಷೆಗಳ ಹೆಸರುಗಳು, ಪರ್ಯಾಯ ಹೆಸರುಗಳು, ನಿರ್ದೇಶಾಂಕ, ಯಾವ ಜಿಲ್ಲೆ, ಯಾವ ರಾಜ್ಯ ಎಂಬ ವಿವರಗಳು ಹಾಗೂ ಆಯಾ ಭಾಷೆಯ ವಿಕಿಪೀಡಿಯ ಲೇಖನಗಳ ಕೊಂಡಿಗಳು ಇರುತ್ತವೆ.

2014ರ ನವೆಂಬರ್ 1ರಂದು ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರು ಆಯಿತು. ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ, ವಿಜಯಪುರ ಸೇರಿದಂತೆ ಒಟ್ಟು 12 ನಗರಗಳ ಹೆಸರುಗಳು ಅಂದು ಬದಲಾದವು. ಹೆಸರನ್ನೇ ನೆಚ್ಚಿಕೊಂಡಿದ್ದ ಪಟ್ಟಿಗಳನ್ನೆಲ್ಲ ತಿದ್ದಬೇಕಾಯಿತು. ಆದರೆ ಕ್ಯೂ1355 ಕ್ಯೂ1355 ಆಗಿಯೇ ಉಳಿಯಿತು. ಹೆಸರು ಮನುಷ್ಯರಿಗೆ, ಸಂಖ್ಯೆ ಯಂತ್ರಕ್ಕೆ ಎಂಬುದು ಇದರ ಸಾರ.

ಕೊಂಡಿ ಕೆಲಸ ಮಾಡುವ ಬಗೆ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎಲ್ಲವೂ ಮೂರು ರೂಪಗಳಲ್ಲಿ ದಾಖಲಾಗುತ್ತವೆ: ಬಿಂದು, ಗೆರೆ ಮತ್ತು ಇವೆರಡರ ಗುಂಪು. ಬಸ್ ನಿಲ್ದಾಣ ಒಂದು ಬಿಂದು, ರಸ್ತೆ ಒಂದು ಗೆರೆ. ಸುತ್ತು ಬಂದು ಕೂಡಿಕೊಂಡ ಗೆರೆ ಕೆರೆಯೋ ಕಟ್ಟಡವೋ ಆಗುತ್ತದೆ. ಹಲವು ಗೆರೆಗಳು ಸೇರಿ ಒಂದು ವಾರ್ಡಿನ ಅಥವಾ ಜಿಲ್ಲೆಯ ಗಡಿಯಾಗುತ್ತವೆ. ಪ್ರತಿಯೊಂದಕ್ಕೂ ಟ್ಯಾಗ್ ಎಂಬ ಚೀಟಿಗಳನ್ನು ಅಂಟಿಸಲಾಗುತ್ತದೆ. ಹೆಸರಿಗೊಂದು ಚೀಟಿ, ಕನ್ನಡದ ಹೆಸರಿಗೆ ಪ್ರತ್ಯೇಕವಾಗಿ ಇನ್ನೊಂದು, ವಿಕಿಡೇಟಾ ಸಂಖ್ಯೆಗೆ ಮತ್ತೊಂದು.

ಈ ಕೊನೆಯ ಚೀಟಿಯೇ ಸೇತುವೆ. ವಿಶ್ವಕೋಶದಿಂದ ನಕ್ಷೆಯ ವಸ್ತುವಿನ ಸಂಖ್ಯೆಗೆ ನೇರವಾಗಿ ಕೊಂಡಿ ಹಾಕಿದರೆ ಅದು ಹೆಚ್ಚು ಕಾಲ ಬಾಳದಿರಬಹುದು. ಇಂದು ಬಿಂದುವಾಗಿರುವ ಶಾಲೆಯನ್ನು ನಾಳೆ ಇನ್ನೊಬ್ಬ ಸ್ವಯಂಸೇವಕರು ಆವರಣ ಸಮೇತ ಹೊಸದಾಗಿ ಬಿಡಿಸಿದರೆ ಹಳೆಯ ಸಂಖ್ಯೆ ಅಳಿಸಿಹೋಗುತ್ತದೆ. ಬದಲಾಗಿ ನಕ್ಷೆಯ ವಸ್ತುವಿನ ಮೇಲೆಯೇ ವಿಕಿಡೇಟಾ ಸಂಖ್ಯೆಯ ಚೀಟಿ ಇದ್ದರೆ, ರೂಪ ಬದಲಾದಾಗ ಆ ಚೀಟಿಯನ್ನು ಹೊಸದಕ್ಕೆ ವರ್ಗಾಯಿಸಿದರೆ ಸಾಕು.

ಇದರ ಫಲ ಓದುಗರ ಕಣ್ಣಿಗೆ ಕಾಣುವುದು ಲೇಖನದ ಪುಟದಲ್ಲಿ. ವಿಕಿಪೀಡಿಯ ಬಳಸುವ ಕಾರ್ಟೋಗ್ರಾಫರ್ ಎಂಬ ತಂತ್ರಾಂಶ ಲೇಖನದ ಕ್ಯೂ ಸಂಖ್ಯೆಯನ್ನು ಹಿಡಿದು, ಅದೇ ಸಂಖ್ಯೆಯ ಚೀಟಿ ಇರುವ ಆಕಾರವನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶದಿಂದ ಪಡೆದು, ಕೆರೆಯ ಅಂಚನ್ನೋ ಜಿಲ್ಲೆಯ ಗಡಿಯನ್ನೋ ಪುಟದಲ್ಲಿಯೇ ಬಿಡಿಸಿ ತೋರಿಸುತ್ತದೆ. 2018ರಿಂದ ಈ ನಕ್ಷೆಗಳಲ್ಲಿ ಓದುಗರ ಭಾಷೆಯಲ್ಲಿ ಹೆಸರು ತೋರಿಸುವ ವ್ಯವಸ್ಥೆಯೂ ಬಂದಿದೆ. ಆದರೆ ಕನ್ನಡ ಹೆಸರಿನ ಚೀಟಿಯನ್ನು ಯಾರಾದರೂ ಅಂಟಿಸಿದ್ದರೆ ಮಾತ್ರ ಕನ್ನಡ ಕಾಣುತ್ತದೆ. ಇಲ್ಲವಾದರೆ ಕನ್ನಡ ಲೇಖನದ ನಡುವಿನ ನಕ್ಷೆಯಲ್ಲಿ ಕನ್ನಡದ ಊರು ಬೇರೆ ಲಿಪಿಯಲ್ಲಿ ಕುಳಿತಿರುತ್ತದೆ.

ಕೋಣನಕುಂಟೆಯ ಕೋಣ

ರೋಮನ್ ಲಿಪಿಯ ಹೆಸರನ್ನು ಯಂತ್ರದಿಂದಲೇ ಕನ್ನಡಕ್ಕೆ ತಿರುಗಿಸಿದರಾಗದೇ ಎಂದು ಕೇಳುವವರುಂಟು. ಕುಮಾರಸ್ವಾಮಿ ಲೇಔಟ್‌ನ ನೆರೆಹೊರೆಯ ಹೆಸರುಗಳೇ ಇದಕ್ಕೆ ಉತ್ತರ. ರೋಮನ್ ಲಿಪಿಯ ಸಾಮಾನ್ಯ ಬರವಣಿಗೆಯಲ್ಲಿ ನ ಮತ್ತು ಣ, ಲ ಮತ್ತು ಳ, ದ ಮತ್ತು ಡ ಅಕ್ಷರಗಳಿಗೆ ಭೇದವಿಲ್ಲ. ಹ್ರಸ್ವ, ದೀರ್ಘಗಳ ಗುರುತೂ ಇಲ್ಲ. ಹಾಗಾಗಿ ಕೋಣನಕುಂಟೆಯನ್ನು ಯಂತ್ರ 'ಕೊನನಕುಂಟೆ' ಎಂದು ಬರೆದರೆ ಆಶ್ಚರ್ಯವಿಲ್ಲ. ಕೋಣವೂ ಹೋಯಿತು, ಕುಂಟೆಯ ನೀರಿಗೆ ಕೋಣ ಇಳಿದಿದ್ದ ಕಾಲದ ನೆನಪೂ ಹೋಯಿತು. ಕದಿರೇನಹಳ್ಳಿ 'ಕಡಿರೆನಹಲ್ಲಿ' ಆಗಬಹುದು, ದೊಡ್ಡಕಲ್ಲಸಂದ್ರದ 'ದೊಡ್ಡ' ಎಂಬ ಸರಳ ಪದವೂ ಕೆಡಬಹುದು.

ಸ್ಥಳನಾಮವೆಂದರೆ ಬರಿಯ ವಿಳಾಸವಲ್ಲ. ಹಳ್ಳಿ, ಸಂದ್ರ, ಕುಂಟೆ, ಪಾಳ್ಯ, ಪುರ ಎಂಬ ಕೊನೆಯ ಪದಗಳೇ ಆ ಊರಿನ ಮೂಲ ಸ್ವರೂಪದ ಸುಳಿವು ಕೊಡುತ್ತವೆ. ಕುಂಟೆ ಇಂದು ಕಾಣದಿದ್ದರೂ ಹೆಸರಿನಲ್ಲಿ ಇದೆ. ಅಕ್ಷರ ತಪ್ಪಿದರೆ ಆ ಸುಳಿವೂ ಅಳಿಯುತ್ತದೆ. ಒಂದು ನಕ್ಷೆಯಲ್ಲಿ ತಪ್ಪಾಗಿ ನುಸುಳಿದ ಹೆಸರನ್ನು ಇನ್ನೊಂದು ತಂತ್ರಾಂಶ ನಕಲು ಮಾಡುತ್ತದೆ. ದೂರವಾಣಿಯಲ್ಲಿ ದಾರಿ ಹೇಳುವ ಧ್ವನಿ ಅದನ್ನೇ ಉಚ್ಚರಿಸುತ್ತದೆ. ಕೊನೆಗೆ ತಪ್ಪೇ ಒಪ್ಪಾಗಿಬಿಡುವ ಅಪಾಯವಿದೆ.

ಸರಿಯಾದ ಹೆಸರಿನಲ್ಲಿಯೂ ರೂಪಭೇದಗಳಿವೆ. 'ಕುಮಾರಸ್ವಾಮಿ ಲೇಔಟ್', 'ಕುಮಾರಸ್ವಾಮಿ ಬಡಾವಣೆ', 'ಕೆ.ಎಸ್. ಲೇಔಟ್' ಮೂರೂ ಬಳಕೆಯಲ್ಲಿವೆ. ಪಕ್ಕದ ಊರಿನ ಹೆಸರನ್ನು ಕೆಲವರು 'ಯಲಚೇನಹಳ್ಳಿ' ಎಂದರೆ ಇನ್ನು ಕೆಲವರು 'ಎಲಚೇನಹಳ್ಳಿ' ಎನ್ನುತ್ತಾರೆ. 2017ರ ಜೂನ್‌ನಲ್ಲಿ ಮೆಟ್ರೊ ಹಸಿರು ಮಾರ್ಗ ಅಲ್ಲಿಯವರೆಗೆ ಬಂದ ಮೇಲೆ ಆ ಹೆಸರು ಊರಿನಾಚೆಗೂ ಪರಿಚಿತವಾಯಿತು. ಜನರ ಬಾಯಲ್ಲಿ ಜೆ.ಪಿ. ನಗರವಾಗಿರುವುದು ಮೆಟ್ರೊ ಫಲಕದಲ್ಲಿ ಜಯಪ್ರಕಾಶ ನಗರ. ಇವುಗಳಲ್ಲಿ ಒಂದನ್ನು ಮುಖ್ಯ ಹೆಸರಾಗಿಯೂ ಉಳಿದವನ್ನು ಪರ್ಯಾಯ ಹೆಸರುಗಳಾಗಿಯೂ ದಾಖಲಿಸಿದರೆ ಯಾವ ರೂಪದಲ್ಲಿ ಹುಡುಕಿದರೂ ಸ್ಥಳ ಸಿಗುತ್ತದೆ.

ಕಣ್ಣಿಗೆ ಕಾಣದ ತೊಡಕೂ ಒಂದಿದೆ. ಕನ್ನಡ ಬೆರಳಚ್ಚಿನಲ್ಲಿ 'ಲೇಔಟ್‌ಗೆ' ಎಂದು ಬರೆಯುವಾಗ ಒತ್ತಕ್ಷರವಾಗದಂತೆ ತಡೆಯಲು ಒಂದು ಅದೃಶ್ಯ ಅಕ್ಷರವನ್ನು ಬಳಸಲಾಗುತ್ತದೆ. ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ನೋಡಲು ಒಂದೇ ಆಗಿರುವ ಎರಡು ಹೆಸರುಗಳು ಗಣಕಕ್ಕೆ ಬೇರೆ ಬೇರೆಯಾಗುತ್ತವೆ. ಹೆಸರಿಗಿಂತ ಸಂಖ್ಯೆಯ ಕೊಂಡಿ ಮೇಲು ಎನ್ನಲು ಇದೂ ಒಂದು ಕಾರಣ.

'ಬೆಂಗಳೂರು ದಕ್ಷಿಣ' ಎಂದರೆ ಯಾವುದು?

ಹೆಸರಿನ ಗೊಂದಲ ಹಳೆಯ ಹಳ್ಳಿಗಳಿಗಷ್ಟೇ ಸೀಮಿತವಲ್ಲ. 'ಬೆಂಗಳೂರು ದಕ್ಷಿಣ' ಎಂಬುದು ಬಹುಕಾಲದಿಂದ ಒಂದು ತಾಲ್ಲೂಕಿನ ಹೆಸರು. ಅದೇ ಹೆಸರಿನ ಲೋಕಸಭಾ ಕ್ಷೇತ್ರವಿದೆ, ವಿಧಾನಸಭಾ ಕ್ಷೇತ್ರವೂ ಇದೆ. ಇವುಗಳ ಗಡಿಗಳು ಒಂದೇ ಅಲ್ಲ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗ ಅವುಗಳಲ್ಲೊಂದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರೇ ಬಂತು.

ಈಗ 'ಬೆಂಗಳೂರು ದಕ್ಷಿಣದಲ್ಲಿದೆ' ಎಂಬ ಒಂದು ವಾಕ್ಯಕ್ಕೆ ಐದು ಅರ್ಥಗಳು. ಬಿಡದಿಯ ಊರೊಂದಕ್ಕೆ ಸಲ್ಲಬೇಕಾದ ಮಾಹಿತಿ ಪದ್ಮನಾಭನಗರದ ಪುಟಕ್ಕೆ ಹೋಗಿ ಸೇರಿದರೆ ಯಂತ್ರವನ್ನು ದೂರಿ ಫಲವಿಲ್ಲ. ತಾಲ್ಲೂಕು, ಕ್ಷೇತ್ರಗಳು, ಜಿಲ್ಲೆ, ಪಾಲಿಕೆ ಪ್ರತಿಯೊಂದಕ್ಕೂ ಪ್ರತ್ಯೇಕ ಸಂಖ್ಯೆ, ಪ್ರತ್ಯೇಕ ಗಡಿಯ ಆಕಾರ, ಯಾವಾಗಿನಿಂದ ಜಾರಿ ಎಂಬ ದಿನಾಂಕ ಇದ್ದರೆ ಮಾತ್ರ ಗೊಂದಲ ತಪ್ಪೀತು.

ವಾರ್ಡುಗಳ ಕಥೆಯೂ ಇದೇ. 2010 ಮತ್ತು 2015ರ ಪಾಲಿಕೆ ಚುನಾವಣೆಗಳು 198 ವಾರ್ಡುಗಳಿಗೆ ನಡೆದಿದ್ದವು. ಆನಂತರ ಆ ಸಂಖ್ಯೆ 243 ಎಂದಾಯಿತು, 225 ಎಂದಾಯಿತು, ಹೊಸ ಪಾಲಿಕೆಗಳು ಬಂದ ಮೇಲೆ ಮತ್ತೆ ಬದಲಾಯಿತು. ಹಳೆಯ ವಾರ್ಡಿನ ಗಡಿಯನ್ನು ಅಳಿಸಿ ಹೊಸದನ್ನು ಬರೆದರೆ ಹಿಂದಿನ ಅಂಕಿ ಅಂಶಗಳಿಗೆ ನೆಲೆಯೇ ಇಲ್ಲದಂತಾಗುತ್ತದೆ. ಹಳೆಯದು ಇಂಥ ವರ್ಷ ಕೊನೆಗೊಂಡಿತು ಎಂದು ವಿಕಿಡೇಟಾದಲ್ಲಿ ನಮೂದಿಸಿ ಉಳಿಸಿಕೊಳ್ಳುವುದು ಸರಿಯಾದ ಕ್ರಮ.

ಅಳತೆಗೋಲಿನಿಂದ ಉಪಗ್ರಹದವರೆಗೆ

ನೆಲಕ್ಕೆ ಅಂಕಿ ಕೊಡುವ ಕೆಲಸಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ರೂವಾರಿ ವಿಲಿಯಂ ಲ್ಯಾಂಬ್ಟನ್, 1802ರಲ್ಲಿ ಮದ್ರಾಸಿನ ಬಳಿ ಆ ಕಾರ್ಯಕ್ಕೆ ತೊಡಗುವ ಮೊದಲು, 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಆಧಾರ ರೇಖೆಯೊಂದನ್ನು ಅಳೆದಿದ್ದರು. ಅಂದು ಸರಪಳಿ ಹಿಡಿದು ವಾರಗಟ್ಟಲೆ ಅಳೆದದ್ದನ್ನು ಇಂದು ಅಂಗೈಯ ದೂರವಾಣಿ ಉಪಗ್ರಹಗಳ ನೆರವಿನಿಂದ ಕ್ಷಣದಲ್ಲಿ ಹೇಳುತ್ತದೆ.

ಹಳೆಯ ಬರಹವನ್ನು ಇಂದಿನ ನಕ್ಷೆಗೆ ಜೋಡಿಸುವ ಕೆಲಸದ ಅತ್ಯುತ್ತಮ ಉದಾಹರಣೆಯೂ ಬೆಂಗಳೂರಿನಲ್ಲಿಯೇ ಇದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಶಾಸನ ಎಲ್ಲಿದೆ ಎಂಬುದನ್ನು ಅಲ್ಲಿ ಹೇಳಿರುವುದು ಹಳ್ಳಿಯ ಹೆಸರು, ದೇವಸ್ಥಾನ, ಕೆರೆ, ಹೊಲಗಳ ಗುರುತಿನಿಂದ. ಹಳ್ಳಿ ಬಡಾವಣೆಯಾಗಿ, ಹೊಲ ನಿವೇಶನವಾಗಿ, ಕೆರೆ ರಸ್ತೆಯಾದ ಮೇಲೆ ಆ ಕಲ್ಲುಗಳನ್ನು ಹುಡುಕುವುದು ಸುಲಭವಲ್ಲ. ನಾಗರಿಕ ಆಸಕ್ತರು ಇವುಗಳನ್ನು ಒಂದೊಂದಾಗಿ ಪತ್ತೆ ಹಚ್ಚಿ ನಕ್ಷೆಯಲ್ಲಿ ಗುರುತಿಸತೊಡಗಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು.

ದಕ್ಷಿಣ ಬೆಂಗಳೂರಿನ ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ 'ಬೆಂಗಳೂರು' ಎಂಬ ಹೆಸರು ಬರುತ್ತದೆ ಎಂಬುದನ್ನು ಓದುವುದು ಒಂದು ಅನುಭವ. ಓದಿದ ಕೂಡಲೇ ನಕ್ಷೆ ತೆರೆದು ಅದರ ಮುಂದೆ ಹೋಗಿ ನಿಲ್ಲುವುದು ಇನ್ನೊಂದು. ಎಲ್ಲಿದೆ ಎಂದು ತಿಳಿದ ಕಲ್ಲನ್ನು ಯಾರಾದರೂ ಕಾಯುತ್ತಾರೆ. ಎಲ್ಲಿದೆ ಎಂದು ಯಾರಿಗೂ ತಿಳಿಯದ ಕಲ್ಲು ಪಾಯದ ಕಲ್ಲಾಗಿ ಹೋದರೂ ಗೊತ್ತಾಗುವುದಿಲ್ಲ.

ನಕಲು ಸಲ್ಲದು, ನಕ್ಷೆಯೇ ಹಕ್ಕುಪತ್ರವಲ್ಲ

ಈ ಕೆಲಸಕ್ಕೆ ಕಾನೂನಿನ ಕಟ್ಟುಪಾಡುಗಳೂ ಇವೆ. ಗೂಗಲ್ ನಕ್ಷೆಯನ್ನು ನೋಡಿ ಹೆಸರು, ಗೆರೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಇಳಿಸುವಂತಿಲ್ಲ. ವಿಕಿಡೇಟಾದ ಮಾಹಿತಿಯನ್ನು ಯಾವ ಷರತ್ತೂ ಇಲ್ಲದೆ ಬಳಸಬಹುದು. ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ಅನುಸರಿಸುತ್ತಿರುವ ಪರವಾನಗಿಯ ಪ್ರಕಾರ ಮೂಲವನ್ನು ಹೆಸರಿಸಬೇಕು, ಅದರಿಂದ ಕಟ್ಟಿದ ದತ್ತಾಂಶವನ್ನು ಹಂಚುವಾಗ ಅದೇ ಷರತ್ತಿನಡಿ ಮುಕ್ತವಾಗಿಡಬೇಕು. ಆದ್ದರಿಂದ ಅಲ್ಲಿನ ದತ್ತಾಂಶವನ್ನು ಸಗಟಾಗಿ ವಿಕಿಡೇಟಾಕ್ಕೆ ಸುರಿಯುವುದು ಸಲ್ಲದು. ಎರಡನ್ನೂ ಬೆರೆಸದೆ, ಸಂಖ್ಯೆಯ ಕೊಂಡಿಯಿಂದ ಜೋಡಿಸಿರುವುದರ ಹಿಂದೆ ಈ ಜಾಣ್ಮೆಯೂ ಇದೆ. ಭಾರತದಲ್ಲಿ ನಕ್ಷೆ ತಯಾರಿಕೆಗಿದ್ದ ಅನೇಕ ನಿರ್ಬಂಧಗಳನ್ನು ಕೇಂದ್ರ ಸರ್ಕಾರ 2021ರ ಫೆಬ್ರವರಿಯ ಮಾರ್ಗಸೂಚಿಯಲ್ಲಿ ಸಡಿಲಿಸಿತು.

ಇನ್ನೊಂದು ಎಚ್ಚರ ಅಗತ್ಯ. ವಿಶ್ವಕೋಶದ ಪುಟದಲ್ಲಿ ಕಾಣುವ ಗಡಿರೇಖೆ ಕಂದಾಯ ದಾಖಲೆಯಲ್ಲ. ಕುಮಾರಸ್ವಾಮಿ ಲೇಔಟ್‌ಗೆ ಸಮೀಪದ ಸಾರಕ್ಕಿ ಕೆರೆಯಂಗಳದ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ತೆರವುಗೊಳಿಸಿತು. ಉಪಗ್ರಹ ಚಿತ್ರ ನೋಡಿ ಸ್ವಯಂಸೇವಕರು ಎಳೆಯುವ ಗೆರೆ ಅಂದು ನೀರು ನಿಂತಿದ್ದ ಅಂಚು ಮಾತ್ರ. ಕೆರೆಯ ಸರ್ವೆ ಗಡಿ ಅದಕ್ಕಿಂತ ಬಹಳ ಆಚೆ ಇರಬಹುದು. ನಿವೇಶನ ಕೊಳ್ಳುವವರು ನೋಡಬೇಕಾದ್ದು ಸರ್ವೆ ಇಲಾಖೆಯ ದಾಖಲೆಗಳನ್ನು. ಸರ್ವೆ ನಂಬರಿನ ಪ್ರಾಥಮಿಕ ತಿಳಿವಳಿಕೆಗೆ ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್ ಇದೆ.

ಆಸಕ್ತರು ಮಾಡಬಹುದಾದ್ದು

ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಮೊದಲು ತಮ್ಮ ಬಡಾವಣೆಯ ಬಗ್ಗೆ ವಿಕಿಪೀಡಿಯದಲ್ಲಿ ಲೇಖನವಿದೆಯೇ, ವಿಕಿಡೇಟಾದಲ್ಲಿ ಸಂಖ್ಯೆ ಇದೆಯೇ ಎಂದು ನೋಡಬೇಕು. ಒಂದೇ ಸ್ಥಳಕ್ಕೆ ಎರಡು ಸಂಖ್ಯೆಗಳಿದ್ದರೆ ಒಂದಾಗಿಸಬೇಕು. ಕನ್ನಡದ ಹೆಸರು, ಪರ್ಯಾಯ ಹೆಸರುಗಳನ್ನು ಸೇರಿಸಬೇಕು. ನಿರ್ದೇಶಾಂಕವನ್ನು ಸ್ಥಳದಲ್ಲಿಯೇ ನಿಂತು ದೂರವಾಣಿಯಿಂದ ಪಡೆಯುವುದು ಅತ್ಯಂತ ವಿಶ್ವಾಸಾರ್ಹ. ನಂತರ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದೇ ಸ್ಥಳವನ್ನು ತೆರೆದು ಕನ್ನಡ ಹೆಸರಿನ ಚೀಟಿ ಹಾಗೂ ಕ್ಯೂ ಸಂಖ್ಯೆಯ ಚೀಟಿಗಳನ್ನು ಹಾಕಬೇಕು. ಕೊನೆಯಲ್ಲಿ ಕೊಂಡಿ ಎರಡೂ ಕಡೆಯಿಂದ ಸರಿಯಾದ ಜಾಗಕ್ಕೇ ಹೋಗುತ್ತದೆಯೇ ಎಂದು ಪರೀಕ್ಷಿಸಬೇಕು. ಬಾದಾಮಿಯ ಬನಶಂಕರಿ ದೇವಸ್ಥಾನದ ಲೇಖನ ಬೆಂಗಳೂರಿನ ಬನಶಂಕರಿಯ ಮೇಲೆ ಬಂದು ಕೂರದಂತೆ ನೋಡಿಕೊಳ್ಳುವುದು ಈ ಕೊನೆಯ ಹಂತದಲ್ಲಿ.

ಹೆಸರಿನ ಕಾಗುಣಿತದಲ್ಲಿ ಅನುಮಾನ ಬಂದರೆ ಬಸ್ ನಿಲ್ದಾಣದ ಫಲಕ, ಶಾಲೆಯ ನಾಮಫಲಕ, ಹಳೆಯ ಪಹಣಿಗಳನ್ನು ನೋಡಬಹುದು. ಎಲ್ಲಕ್ಕಿಂತ ಮಿಗಿಲಾಗಿ ಊರಿನ ಹಿರಿಯರನ್ನು ಕೇಳಬಹುದು. ಬಡಾವಣೆ ಬರುವ ಮುನ್ನ ಆ ಜಾಗದಲ್ಲಿ ಯಾವ ತೋಪಿತ್ತು, ಯಾವ ಕಟ್ಟೆಯಿತ್ತು, ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಬಲ್ಲವರು ಇನ್ನೂ ಇದ್ದಾರೆ. ಉಪಗ್ರಹ ಆಕಾಶದಿಂದ ಸೂರು, ರಸ್ತೆ, ಮರಗಳನ್ನು ಕಾಣಬಲ್ಲದು. ಹೆಸರನ್ನು ಕಾಣಲಾರದು. ಅದನ್ನು ನೆಲದ ಮೇಲಿರುವವರೇ ಹೇಳಬೇಕು, ಹೇಳಿದ್ದನ್ನು ಯಾರಾದರೂ ಬರೆದಿಡಬೇಕು.